ಗ್ಯಾಸ್‌ಲೈಟಿನಲ್ಲಿ ಬೆಳಗುವುದು ಬಟ್ಟೆಯಲ್ಲ, ಬೂದಿ!

ಕಣಕಟ್ಟೆಯಂಥ ಹಳ್ಳಿಗಳಲ್ಲಿ ಕರೆಂಟು ಬರುವ ಮೊದಲು ಮದುವೆ ಮೆರವಣಿಗೆ, ನಾಟಕಗಳಿಗೆಲ್ಲ ಗ್ಯಾಸ್‌ಲೈಟೇ ಗತಿ. ಅದರೊಳಗಿನ ಮ್ಯಾಂಟಲ್ ಬಟ್ಟೆಯೇ ಉರಿದು ಬೆಳಕು ಕೊಡುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಬಟ್ಟೆ ಮೊದಲ ಸಲ ಹಚ್ಚಿದಾಗಲೇ ಸುಟ್ಟುಹೋಗಿರುತ್ತದೆ. ಆಮೇಲೆ ಬೆಳಗುವುದು ಬೂದಿ. ಇದನ್ನು ಕಂಡುಹಿಡಿದವರು ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್.

1858ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಆವರ್, ಹೈಡಲ್‌ಬರ್ಗ್‌ನಲ್ಲಿ ಬುನ್ಸೆನ್ ಅವರ ಶಿಷ್ಯರಾದರು. ಅಲ್ಲಿ ಅವರಿಗೆ ಅಂಟಿಕೊಂಡದ್ದು ವಿರಳ ಭಸ್ಮ ಧಾತುಗಳ ಹುಚ್ಚು. ಇವುಗಳ ಗುಣಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಬೇರ್ಪಡಿಸುವುದೇ ಕಷ್ಟ. ಲವಣವನ್ನು ಕರಗಿಸಿ, ಹರಳುಗಟ್ಟಿಸಿ, ಮತ್ತೆ ಕರಗಿಸಿ, ಮತ್ತೆ ಹರಳುಗಟ್ಟಿಸಬೇಕು. ಹೀಗೆ 1885ರಲ್ಲಿ, ಒಂದೇ ಧಾತುವೆಂದು ತಿಳಿದಿದ್ದ ಡಿಡಿಮಿಯಂ ಅನ್ನು ಅವರು ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಎಂದು ಎರಡಾಗಿ ಬಿಡಿಸಿದರು.

ಅದೇ ವರ್ಷ ಮ್ಯಾಂಟಲ್‌ಗೂ ಪೇಟೆಂಟ್ ಪಡೆದರು. ಹತ್ತಿಯ ಜಾಲರಿಯನ್ನು ಲವಣದ ದ್ರಾವಣದಲ್ಲಿ ಅದ್ದಿ ಸುಟ್ಟರೆ ನೂಲು ಹೋಗಿ, ಲವಣವು ಆಕ್ಸೈಡ್ ಆಗಿ ಜಾಲರಿಯ ಆಕಾರದಲ್ಲೇ ಉಳಿಯುತ್ತದೆ. ಆದರೆ ಮೊದಲ ಮ್ಯಾಂಟಲ್‌ಗಳ ಬೆಳಕು ಹಸಿರು ಹಸಿರು, ಮುಟ್ಟಿದರೆ ಪುಡಿ. ಜನ ಕೊಳ್ಳಲಿಲ್ಲ, 1889ರಲ್ಲಿ ಕಾರ್ಖಾನೆ ಮುಚ್ಚಿತು.

ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರೇನೋ. ಆವರ್ ಮತ್ತೆ ಲವಣಗಳ ಬೆನ್ನು ಹತ್ತಿದರು. 1891ರ ಹೊತ್ತಿಗೆ ಸರಿಯಾದ ಹದ ಸಿಕ್ಕಿತು: ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಶುದ್ಧ ಥೋರಿಯಂ ಆಕ್ಸೈಡ್ ಮಂಕಾಗಿ ಬೆಳಗುತ್ತದೆ. ಸೀರಿಯಂ ಹೆಚ್ಚಾದರೆ ಶಾಖವೆಲ್ಲ ಹೊರಚೆಲ್ಲಿ ಮ್ಯಾಂಟಲ್ ತಣ್ಣಗಾಗುತ್ತದೆ. ಅಡುಗೆಗೆ ಉಪ್ಪಿನಂತೆ, ಒಂದು ಪಾಲು ಸಾಕು!

ಕಚ್ಚಾ ವಸ್ತು ಮೋನಜೈಟ್ ಮರಳು. ಮುಂದೆ ನಮ್ಮ ತಿರುವಾಂಕೂರಿನ ಕಡಲತೀರದಿಂದಲೂ ಅದು ಯುರೋಪಿಗೆ ಹೋಯಿತು. ಥೋರಿಯಂ ತೆಗೆದ ಮೇಲೆ ಸೀರಿಯಂ ರಾಶಿಗಟ್ಟಲೆ ಮಿಗುತ್ತಿತ್ತು. 1903ರಲ್ಲಿ ಆವರ್ ಅದಕ್ಕೆ ಕಬ್ಬಿಣ ಬೆರೆಸಿ ಕಿಡಿ ಹಾರಿಸುವ ಮಿಶ್ರಲೋಹ ಮಾಡಿದರು. ಬೀಡಿ ಲೈಟರ್‌ನ ಗಾಲಿಯ ಕೆಳಗಿರುವ 'ಕಲ್ಲು' ಅದೇ. (ಅಡುಗೆಮನೆಯ ಟಕ್ ಎನ್ನುವ ಲೈಟರ್ ಬೇರೆ, ಅದರಲ್ಲಿ ಕಿಡಿ ಬರುವುದು ವಿದ್ಯುತ್ತಿನಿಂದ.) ವಿದ್ಯುತ್ ದೀಪಕ್ಕೂ ಅವರು ಕೈ ಹಾಕಿ, ಆಸ್ಮಿಯಂ ತಂತಿಯ ಬಲ್ಬು ತಯಾರಿಸಿದ್ದರು.

ಶಿವನಸಮುದ್ರದ ವಿದ್ಯುತ್ 1905ರಲ್ಲೇ ಬೆಂಗಳೂರನ್ನು ಬೆಳಗಿತು. ಆವರ್ 1929ರಲ್ಲಿ ತೀರಿಕೊಂಡರು. ಹಳ್ಳಿಗಳಲ್ಲಿ ಅವರ ಮ್ಯಾಂಟಲ್ ಆಮೇಲೂ ದಶಕಗಳ ಕಾಲ ಉಳಿಯಿತು.

ಅಟ್ಟದ ಮೇಲೆ ಹಳೆಯ ಮ್ಯಾಂಟಲ್ ಸಿಕ್ಕರೆ ಊದಬೇಡಿ. ಥೋರಿಯಂ ಅಲ್ಪ ಪ್ರಮಾಣದಲ್ಲಿ ವಿಕಿರಣ ಸೂಸುತ್ತದೆ. ಮುಟ್ಟಿದ ಮಾತ್ರಕ್ಕೆ ಗಾಬರಿ ಬೇಡ, ಆದರೆ ಪುಡಿ ಉಸಿರಿನೊಳಗೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಕೈ ತೊಳೆದುಕೊಳ್ಳಿ. ಈಗಿನ ಹಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಇರುತ್ತದೆ.