ಬಿಷಪ್ ರಾಬರ್ಟ್ ಕಾಲ್ಡ್‌ವೆಲ್

ಪಿರಿಯಾಪಟ್ಟಣದ ಸಂತೆಗೆ ಕೊಡಗಿನ ಕಡೆಯವರು ಬರುವುದುಂಟು. ನಾವು ಹಾಲು ಎಂಬುದನ್ನು ಕೊಡವರು ಪಾಲ್ ಎನ್ನುತ್ತಾರೆ. ಪಂಪನ ಕಾಲಕ್ಕೆ ಕನ್ನಡದಲ್ಲಿಯೂ ಅದು ಪಾಲ್. ತಮಿಳರಿಗೆ ಇಂದಿಗೂ ಪಾಲ್. ಇಂತಹ ಸಾಮ್ಯಗಳು ಆಕಸ್ಮಿಕವಲ್ಲ, ಈ ನುಡಿಗಳೆಲ್ಲ ಒಡಹುಟ್ಟಿದವು ಎಂಬುದನ್ನು ವ್ಯಾಕರಣದ ಬಲದಿಂದ ವಿಸ್ತಾರವಾಗಿ ಸ್ಥಾಪಿಸಿದವರು ಓರ್ವ ಪಾದ್ರಿಗಳೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಕಾಲ್ಡ್‌ವೆಲ್ಲರು 1814ರಲ್ಲಿ ಐರ್ಲೆಂಡಿನ ಆಂಟ್ರಿಮ್ ಪ್ರಾಂತ್ಯದಲ್ಲಿ ಹುಟ್ಟಿದರು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದಿ, 1838ರಲ್ಲಿ ಲಂಡನ್ ಮಿಷನ್ನಿನ ಪರವಾಗಿ ಮದರಾಸಿಗೆ ಬಂದರು. ಕೆಲಕಾಲದಲ್ಲೇ ಆಂಗ್ಲಿಕನ್ ಸಭೆಯನ್ನು ಸೇರಿ, 1841ರಲ್ಲಿ ನೀಲಗಿರಿಯ ಮಾರ್ಗವಾಗಿ, ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ, ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯನ್ನು ಮುಟ್ಟಿದರು. ತಾಳೆಮರ, ಕೆಂಪು ಮರಳು, ಬಿಸಿಲು. ಅಲ್ಲಿಯೇ ಸುಮಾರು 40 ವರ್ಷ! 1877ರಲ್ಲಿ ಬಿಷಪ್ ಪದವಿ ಲಭಿಸಿತು.

ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ 1856ರಲ್ಲಿ ಹೊರಬಂದಿತು. ದಕ್ಷಿಣದ ನುಡಿಗಳು ಸಂಸ್ಕೃತಜನ್ಯವೆಂಬ ಅಂದಿನ ನಂಬಿಕೆಯನ್ನು ಅದು ಬುಡಮೇಲು ಮಾಡಿತು. 1816ರಲ್ಲಿಯೇ ಎಲ್ಲಿಸ್ ಎಂಬ ಅಧಿಕಾರಿ ಈ ಮಾತನ್ನೆತ್ತಿದ್ದನೆಂಬುದನ್ನು ಮರೆಯಲಾಗದು. ಆದರೆ ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿ, ಕ್ರಿಯಾಪದಗಳನ್ನು ಒಂದೊಂದಾಗಿ ಎದುರುಬದುರು ಇಟ್ಟು ತೂಗಿದವರು ಕಾಲ್ಡ್‌ವೆಲ್ಲರು. ಪದಗಳನ್ನು ಯಾರಿಂದಲಾದರೂ ಸಾಲ ತರಬಹುದು. ನಾನು, ನೀನು, ಎರಡು, ಮೂರು ಎಂಬವನ್ನು ಸಾಲ ತರುವವರು ಅಪರೂಪ. 1875ರ ಪರಿಷ್ಕೃತ ಮುದ್ರಣದಲ್ಲಿ 12 ಭಾಷೆಗಳಿದ್ದವು. ತುಳು, ಕೊಡವ, ತೋಡ, ಕೋಟ ಸಹ ಸೇರಿದ್ದವು. ದ್ರಾವಿಡರನ್ನು ಸಿಥಿಯನ್ನರೊಡನೆ ಗಂಟುಹಾಕಿದ ಅವರ ವಾದ ಮಾತ್ರ ನಿಲ್ಲಲಿಲ್ಲ. ತಮಿಳಿನ ಕಡೆಗೆ ತುಸು ಹೆಚ್ಚೇ ವಾಲಿದರೆಂದು ಕನ್ನಡಿಗನಾದ ನನಗೆ ತೋರುತ್ತದೆ.

ಅವರನ್ನು ದೇವರನ್ನಾಗಿ ಮಾಡಲು ನಾನು ಸಿದ್ಧನಿಲ್ಲ. ತಾವು ಸೇವೆಗೈದ ಶಾಣಾರ್ ಜನರ ಬಗ್ಗೆ 1849ರಲ್ಲಿ ಬರೆದ ಪುಸ್ತಕದಲ್ಲಿ ಅವರನ್ನು ಹೀನವಾಗಿ ಚಿತ್ರಿಸಿದರು. ಆ ಜನರ ಮಕ್ಕಳು ಇಂಗ್ಲಿಷ್ ಕಲಿತು ಅದನ್ನು ಓದಿದಾಗ ಕನಲಿದರು, ಪ್ರತಿಭಟಿಸಿದರು. ಅಕ್ಷರ ಕಲಿತ ಮೇಲೆ ತಮ್ಮ ತಂದೆತಾಯಿಗಳ ವಿಷಯವಾಗಿ ಹೀಗೆ ಬರೆದಿದ್ದಾರೆಂದು ತಿಳಿಯುವುದು ಎಂಥ ಸಂಕಟ! ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಳ್ಳಿಮಾತನ್ನು ಕೇಳಿ ನಕ್ಕವರುಂಟು. ಆದುದರಿಂದ ಆ ಯುವಕರ ಕೋಪ ನನಗೆ ಅರ್ಥವಾಗುತ್ತದೆ.

ವಿಚಿತ್ರವೆಂದರೆ, ಬರಹವಿಲ್ಲದ ತೋಡರ ನುಡಿಯನ್ನು ಸಾವಿರ ವರ್ಷದ ಕಾವ್ಯವುಳ್ಳ ಕನ್ನಡದ ಪಂಕ್ತಿಯಲ್ಲೇ ಕೂರಿಸಿದವರೂ ಇವರೇ. ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ಮಾತು ಆ ಹನ್ನೆರಡರಲ್ಲಿ ಇರಲಿಲ್ಲ. ಇಂದಿನ ಪಂಡಿತರು ಅದನ್ನೂ ಈ ಕುಟುಂಬಕ್ಕೇ ಸೇರಿಸುತ್ತಾರೆ.

ಇಡೈಯನ್‌ಗುಡಿಯ ಚರ್ಚನ್ನು ಕಟ್ಟಿ ಮುಗಿಸಲು 33 ವರ್ಷ ಹಿಡಿಯಿತು; 1880ರಲ್ಲಿ ಅದು ಪೂರ್ಣವಾಯಿತು. 1891ರ ಆಗಸ್ಟ್ 28ರಂದು ಕೊಡೈಕನಾಲಿನಲ್ಲಿ ತೀರಿಕೊಂಡ ಕಾಲ್ಡ್‌ವೆಲ್ಲರ ದೇಹವನ್ನು ಬೆಟ್ಟದಿಂದ ಇಳಿಸಿ ತಂದು, ಆ ಚರ್ಚಿನೊಳಗೇ ಮಣ್ಣುಮಾಡಿದರು.