ಆಸ್ಪತ್ರೆಯಲ್ಲಿ ದೊರೆತ ಗೆಳೆಯ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ 1850ನೆಯ ಇಸವಿ ನವೆಂಬರ್ 13ರಂದು ರಾಬರ್ಟ್ ಲೂಯಿ ಸ್ಟೀವನ್ಸನ್ನನು ಜನಿಸಿದನು. ಅವನದು ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನ. ತಾತನಾದ ರಾಬರ್ಟ್ ಸ್ಟೀವನ್ಸನ್ನನು ಉತ್ತರ ಸಮುದ್ರದ ನಡುವೆ, ಭರತದ ಸಮಯದಲ್ಲಿ ನೀರಿನಡಿ ಮುಳುಗಿಹೋಗುವ ಬೆಲ್ ರಾಕ್ ಎಂಬ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿದವನು. 1811ರಲ್ಲಿ ಅದರ ದೀಪ ಮೊದಲ ಬಾರಿಗೆ ಬೆಳಗಿತು. ತಂದೆ ಥಾಮಸ್ ಸ್ಟೀವನ್ಸನ್ನನೂ ಅದೇ ವೃತ್ತಿಯಲ್ಲಿ ಹೆಸರು ಪಡೆದಿದ್ದನು. ಇಂತಹ ಗಟ್ಟಿಗರ ಮನೆಯಲ್ಲಿ ಒಬ್ಬನೇ ಮಗನಾಗಿ ಹುಟ್ಟಿದ ಬಾಲಕನಾದರೋ ಬಲು ದುರ್ಬಲನು. ಕೆಮ್ಮು ಜ್ವರಗಳು ಅವನನ್ನು ಬಿಡುತ್ತಿರಲಿಲ್ಲ. ಚಳಿಗಾಲದ ದೀರ್ಘರಾತ್ರಿಗಳಲ್ಲಿ ನಿದ್ರೆ ಬಾರದೆ ಮಲಗಿದ್ದ ಮಗುವಿನ ಪಕ್ಕದಲ್ಲಿ ಕುಳಿತು, ಕಥೆ ಹೇಳಿ ಬೆಳಗು ಮಾಡಿಸುತ್ತಿದ್ದವಳು ಅಲಿಸನ್ ಕನಿಂಗ್‌ಹ್ಯಾಮ್ ಎಂಬ ದಾದಿ. ರೋಗಿಯ ಹಾಸಿಗೆಯ ಬಳಿ ಕುಳಿತುಕೊಳ್ಳುವವರ ಬೆಲೆ ಏನೆಂಬುದನ್ನು ಸ್ಟೀವನ್ಸನ್ನನು ಆಗಲೇ ಕಲಿತನೆಂದು ಹೇಳಬಹುದು. ಮೂವತ್ತು ವರ್ಷಗಳು ಕಳೆದ ಮೇಲೆ, 1885ರಲ್ಲಿ, ತನ್ನ ಮಕ್ಕಳ ಪದ್ಯಗಳ ಪುಸ್ತಕವನ್ನು ಅವನು ಅರ್ಪಿಸಿದ್ದು ಆ ದಾದಿಗೆ.

ಕುಲವೃತ್ತಿಯನ್ನು ಹಿಡಿಯಲೆಂದು ಅವನನ್ನು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿಸಲಾಯಿತು. ಆದರೆ ಅವನ ಮನಸ್ಸು ಬರೆವಣಿಗೆಯ ಕಡೆಗೆ ಎಳೆಯುತ್ತಿತ್ತು. 1871ರಲ್ಲಿ ಅದನ್ನು ತಂದೆಗೆ ತಿಳಿಸಿದನು. ತಂದೆಗೆ ಬಹಳ ನೋವಾಯಿತು. ಕೊನೆಗೆ ವಕೀಲಿಯನ್ನಾದರೂ ಓದಲಿ ಎಂಬ ಒಪ್ಪಂದವಾಯಿತು. ಎರಡು ವರ್ಷಗಳ ತರುವಾಯ ಮತಧರ್ಮದ ವಿಷಯವಾಗಿ ತಂದೆಮಕ್ಕಳ ನಡುವೆ ಮತ್ತೊಂದು ಕಹಿಯಾದ ವಾಗ್ವಾದ ನಡೆದು ಮನೆಯ ನೆಮ್ಮದಿಯೇ ಕದಡಿಹೋಯಿತು. ಅದರ ಜೊತೆಗೆ ಶ್ವಾಸಕೋಶದ ಬೇನೆಯೂ ಉಲ್ಬಣಿಸಿದ್ದರಿಂದ ಅದೇ 1873ರ ಕೊನೆಯಲ್ಲಿ ವೈದ್ಯರು ಅವನನ್ನು ಫ್ರಾನ್ಸಿನ ದಕ್ಷಿಣ ತೀರದ ಮಾಂತೊನ್ ಎಂಬ ಊರಿಗೆ ಕಳುಹಿಸಿದರು. ಅಲ್ಲಿಯ ಬಿಸಿಲಿನಲ್ಲಿ ಅನೇಕ ತಿಂಗಳು ಕಳೆದು ಮನೆಗೆ ಮರಳಿದಾಗ ದೇಹ ಸ್ವಲ್ಪ ಚೇತರಿಸಿತ್ತು. ಆದರೆ ಮುಂದಿನ ದಾರಿ ಇನ್ನೂ ಮಬ್ಬಾಗಿಯೇ ಇತ್ತು.

ಅದೇ 1873ರಲ್ಲಿ ಇಂಗ್ಲೆಂಡಿನಿಂದ ಒಬ್ಬ ಬಡ ತರುಣನು ಎಡಿನ್‌ಬರೋ ನಗರದ ರಾಯಲ್ ಇನ್‌ಫರ್ಮರಿ ಎಂಬ ಆಸ್ಪತ್ರೆಗೆ ಬಂದು ಸೇರಿದ್ದನು. ಅವನ ಹೆಸರು ವಿಲಿಯಂ ಅರ್ನೆಸ್ಟ್ ಹೆನ್ಲಿ. ಗ್ಲಾಸ್ಟರ್ ಪಟ್ಟಣದ ಪುಸ್ತಕ ವ್ಯಾಪಾರಿಯೊಬ್ಬನ ಹಿರಿಯ ಮಗ. ಹುಡುಗನಾಗಿದ್ದಾಗಲೇ ಮೂಳೆಯ ಕ್ಷಯರೋಗ ಅವನನ್ನು ಹಿಡಿದಿತ್ತು. ಇಪ್ಪತ್ತು ತುಂಬುವ ಮೊದಲೇ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗಿ ಬಂದಿತು. ಆ ಬಳಿಕ ಬೇನೆ ಬಲಪಾದಕ್ಕೂ ತಗುಲಿತು. ಅದನ್ನೂ ಕತ್ತರಿಸದೆ ಬೇರೆ ದಾರಿಯಿಲ್ಲವೆಂದು ವೈದ್ಯರು ಹೇಳಿದರು. ಹೆನ್ಲಿ ಒಪ್ಪಲಿಲ್ಲ. ಎಡಿನ್‌ಬರೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನಿರುವನೆಂಬ ಸುದ್ದಿಯೊಂದನ್ನೇ ನಂಬಿ ನೂರಾರು ಮೈಲಿ ದೂರದ ಆ ನಗರಕ್ಕೆ ಬಂದನು.

ಆ ನಂಬಿಕೆ ಅಂದಿನ ಕಾಲಕ್ಕೆ ಎಷ್ಟು ದೊಡ್ಡದೆಂಬುದನ್ನು ತಿಳಿಯಬೇಕಾದರೆ ಅಂದಿನ ಆಸ್ಪತ್ರೆಗಳ ಸ್ಥಿತಿಯನ್ನು ನೆನೆಯಬೇಕು. ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದರೂ ಗಾಯ ಕೊಳೆತು ರೋಗಿ ಸಾಯುವುದು ಸಾಮಾನ್ಯವಾಗಿತ್ತು. ಗಾಳಿಯ ದೋಷವೇ ಇದಕ್ಕೆ ಕಾರಣವೆಂದು ಬಹಳ ಮಂದಿ ಭಾವಿಸಿದ್ದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂಬ ಫ್ರಾನ್ಸಿನ ಪಾಸ್ತರನ ಸಿದ್ಧಾಂತವನ್ನು ಓದಿದ ಲಿಸ್ಟರನು, 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸಲಾರಂಭಿಸಿದನು. ಅದಕ್ಕೆ ಮೊದಲು ಅವನ ವಾರ್ಡಿನಲ್ಲಿ ಅಂಗಚ್ಛೇದನಕ್ಕೆ ಒಳಗಾದ 35 ಮಂದಿಯಲ್ಲಿ 16 ಮಂದಿ ಮೃತರಾಗಿದ್ದರು. ಹೊಸ ಕ್ರಮ ಬಂದ ಮೇಲೆ 40 ಮಂದಿಯಲ್ಲಿ ಸತ್ತವರು 6 ಮಂದಿ. ಇಷ್ಟಾದರೂ ಲಿಸ್ಟರನನ್ನು ಹಾಸ್ಯಮಾಡುವ ವೈದ್ಯರಿಗೆ ಕೊರತೆಯಿರಲಿಲ್ಲ. 1869ರಲ್ಲಿ ಅವನು ಎಡಿನ್‌ಬರೋಗೆ ಪ್ರಾಧ್ಯಾಪಕನಾಗಿ ಬಂದನು.

ಲಿಸ್ಟರನು ಹೆನ್ಲಿಯ ಪಾದವನ್ನು ಕತ್ತರಿಸಲಿಲ್ಲ. ಕೆಟ್ಟ ಮೂಳೆಯನ್ನು ಮಾತ್ರ ತೆಗೆಯುತ್ತ, ಗಾಯ ಮಾಯುವವರೆಗೆ ಕಾಯುತ್ತ, ಮತ್ತೆ ಮತ್ತೆ ಚಿಕಿತ್ಸೆ ನಡೆಸಿದನು. ಹೀಗೆ ಗುಣವಾಗುವುದೆಂದರೆ ವಾರಗಳ ಮಾತಲ್ಲ. ನೋವು ಒಂದು ದಿನ ಇಳಿದರೆ ಮರುದಿನ ಏರುವುದು. ಪಾದ ಉಳಿಯುವುದೋ ಇಲ್ಲವೋ ಎಂಬುದನ್ನು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಹೆನ್ಲಿಯು ಸುಮಾರು ಇಪ್ಪತ್ತು ತಿಂಗಳು ಆ ಹಳೆಯ ಕಟ್ಟಡದ ಹಾಸಿಗೆಯಲ್ಲಿ ಕಳೆದನು. ಮಲಗಿದ್ದಲ್ಲಿಯೇ ಯೂರೋಪಿನ ಭಾಷೆಗಳನ್ನು ಅಭ್ಯಾಸಮಾಡಿದನು. ದಾದಿಯರು, ವಿದ್ಯಾರ್ಥಿಗಳು, ಅಕ್ಕಪಕ್ಕದ ರೋಗಿಗಳು, ಸ್ವತಃ ಲಿಸ್ಟರನು, ಇವರನ್ನೆಲ್ಲ ಕುರಿತು ಪದ್ಯಗಳನ್ನು ಬರೆದು ಲಂಡನ್ನಿನ ಕಾರ್ನ್‌ಹಿಲ್ ಪತ್ರಿಕೆಗೆ ಕಳುಹಿಸಿದನು. ಬಂಧುಬಳಗವಿಲ್ಲದ ಆ ಊರಿನಲ್ಲಿ ಅವನನ್ನು ಕಾಣಲು ಬರುವವರು ಬಹು ವಿರಳ.

ಆ ಪತ್ರಿಕೆಯ ಸಂಪಾದಕನು ಲೆಸ್ಲಿ ಸ್ಟೀಫನ್. 1875ರ ಫೆಬ್ರುವರಿಯಲ್ಲಿ ಉಪನ್ಯಾಸ ನೀಡಲು ಅವನು ಎಡಿನ್‌ಬರೋಗೆ ಬಂದನು. ತನ್ನ ಪತ್ರಿಕೆಗೆ ಬರೆಯುತ್ತಿದ್ದ ಇಬ್ಬರು ತರುಣರು ಒಂದೇ ಊರಿನಲ್ಲಿದ್ದರೂ ಒಬ್ಬರನ್ನೊಬ್ಬರು ಅರಿಯದಿರುವುದನ್ನು ಕಂಡು, ಸ್ಟೀವನ್ಸನ್ನನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದನು. ಕೋಣೆಯಲ್ಲಿ ಗ್ಯಾಸಿನ ದೀಪ ಉರಿಯುತ್ತಿತ್ತು. ಇನ್ನೊಂದು ಹಾಸಿಗೆಯಲ್ಲಿ ಇಬ್ಬರು ಮಕ್ಕಳಿದ್ದರು. ಕೆದರಿದ ತಲೆ, ಪೊದೆಗಡ್ಡ, ಅಗಲವಾದ ಭುಜಗಳ ಹೆನ್ಲಿಯು ಹಾಸಿಗೆಯಲ್ಲಿ ಎದ್ದು ಕುಳಿತು, ಅರಮನೆಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವವನಂತೆ ಉತ್ಸಾಹದಿಂದ ಮಾತನಾಡಿದನು. ಸ್ಟೀವನ್ಸನ್ನನು ಬೆರಗಾದನು. ಅವನಿಗೆ ಆಗ ಇಪ್ಪತ್ತನಾಲ್ಕು ವರ್ಷ, ಹೆನ್ಲಿಗೆ ಇಪ್ಪತ್ತೈದು.

ಲೆಸ್ಲಿ ಸ್ಟೀಫನ್ ಲಂಡನ್ನಿಗೆ ಮರಳಿದನು. ಪರಿಚಯ ಅಲ್ಲಿಗೇ ನಿಂತುಹೋಗಬಹುದಾಗಿತ್ತು. ರೋಗಿಯನ್ನು ಒಮ್ಮೆ ಕಂಡು, ನಾಲ್ಕು ಕನಿಕರದ ಮಾತನಾಡಿ, ಮತ್ತೆ ಬರುವೆನೆಂದು ಹೇಳಿ ಹೋಗುವವರೇ ಲೋಕದಲ್ಲಿ ಹೆಚ್ಚು. ಸ್ಟೀವನ್ಸನ್ನನು ಮತ್ತೆ ಮತ್ತೆ ಬಂದನು. ಬರುವಾಗ ಬಾಲ್ಜಾಕನ ಕಾದಂಬರಿಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದನು. ಹಳದಿ ಹೊದಿಕೆಯ ಆ ಫ್ರೆಂಚ್ ಪುಸ್ತಕಗಳು ಹೆನ್ಲಿಯ ಹಾಸಿಗೆಯ ಸುತ್ತ ರಾಶಿಯಾದವು. ರೋಗಿಗೆ ಒರಗಿ ಕೂರಲು ಸರಿಯಾದ ಕುರ್ಚಿಯಿಲ್ಲವೆಂದು ತಿಳಿದಾಗ, ಹೆರಿಯಟ್ ರೋ ಬೀದಿಯಲ್ಲಿದ್ದ ತನ್ನ ಮನೆಯಿಂದ ಒಂದು ದೊಡ್ಡ ಒರಗುಕುರ್ಚಿಯನ್ನು ತಾನೇ ಹೊತ್ತು, ಊರಿನ ಮಧ್ಯೆ ನಡೆದು ತಂದನೆಂದು ಅವನ ಜೀವನಚರಿತ್ರೆಗಳನ್ನು ಬರೆದವರು ಹೇಳುತ್ತಾರೆ. ಕಡ್ಡಿಯಂತಿದ್ದ ಆ ಶ್ರೀಮಂತರ ಮನೆಯ ಮಗನು ಕುರ್ಚಿಯನ್ನು ಹೊತ್ತು ನಡೆದುದನ್ನು ಕಂಡು ಬೀದಿಯ ಜನ ನಕ್ಕಿದ್ದರೆ ಆಶ್ಚರ್ಯವಿಲ್ಲ.

ಇಬ್ಬರ ಮಾತುಕತೆಯಲ್ಲಿ ರೋಗಕ್ಕಿಂತ ಸಾಹಿತ್ಯಕ್ಕೇ ಹೆಚ್ಚು ಸ್ಥಾನ. ಬರೆದುದನ್ನು ಓದುವುದು, ಒಪ್ಪದಿದ್ದರೆ ಜಗಳವಾಡುವುದು, ಮತ್ತೆ ನಗುವುದು. ಸ್ಟೀವನ್ಸನ್ನನ ಪಾಲಿಗೆ ಹೆನ್ಲಿಯು ಮರುಕಕ್ಕೆ ಪಾತ್ರನಾದ ಕುಂಟನಾಗಿರದೆ ತನಗಿಂತ ಹೆಚ್ಚು ಓದಿದ, ತನ್ನ ತಪ್ಪುಗಳನ್ನು ಎತ್ತಿ ತೋರಿಸಬಲ್ಲ ಸಮಾನನಾಗಿದ್ದನು. ಅನುಕಂಪವನ್ನು ಸಹಿಸದ ಆ ಅಭಿಮಾನಿಗೆ ಇದಕ್ಕಿಂತ ಒಳ್ಳೆಯ ಔಷಧ ಬೇರೊಂದಿರಲಾರದು. ಇತ್ತ ಸ್ಟೀವನ್ಸನ್ನನಿಗೂ ಲಾಭವಾಯಿತು. ತನ್ನ ಅನಾರೋಗ್ಯವನ್ನೂ ತಂದೆಯ ಅಸಮಾಧಾನವನ್ನೂ ನೆನೆದು ಕುಗ್ಗುತ್ತಿದ್ದವನು, ಎರಡನೆಯ ಕಾಲನ್ನು ಉಳಿಸಿಕೊಳ್ಳಲು ಹೋರಾಡುತ್ತಲೇ ಪದ್ಯ ಕಟ್ಟುವ ಈ ಮನುಷ್ಯನೆದುರು ಕುಳಿತಾಗ ತನ್ನ ದುಃಖವನ್ನು ಅಳೆದು ನೋಡಬೇಕಾಯಿತು.

ಏಪ್ರಿಲ್ ತಿಂಗಳಲ್ಲಿ ಹೆನ್ಲಿಯು ಹೊರಗೆ ಹೋಗಬಹುದಾದಷ್ಟು ಚೇತರಿಸಿದನು. ಸ್ಟೀವನ್ಸನ್ನನು ಕುದುರೆಗಾಡಿಯೊಂದನ್ನು ತಂದನು. ಆದರೆ ಗಾಡಿಯವರೆಗೆ ಹೋಗುವುದು ಹೇಗೆ? ಉದ್ದನೆಯ ಮೆಟ್ಟಿಲುಗಳನ್ನು ಇಳಿಯಬೇಕು. ಭಾರಿ ಮೈಕಟ್ಟಿನ ಹೆನ್ಲಿಯನ್ನು ಬಡಕಲು ಮೈಯ ಸ್ಟೀವನ್ಸನ್ನನು ಹೇಗೋ ಕೆಳಗಿಳಿಸಿದನು. ಹಿಂದಿರುಗಿ ಬಂದಾಗ ಮೇಲೆ ಹತ್ತಿಸುವುದು ಇನ್ನೂ ಪ್ರಯಾಸವಾಯಿತು. ನಡುವಿನ ಆ ಕೆಲವು ಗಂಟೆಗಳಲ್ಲಿ ಮಾತ್ರ ಹೆನ್ಲಿಯು ಬಿಸಿಲನ್ನೂ ವಸಂತದ ಮರಗಳನ್ನೂ ಬೀದಿಯ ಜನರನ್ನೂ ಕಣ್ತುಂಬ ನೋಡಿದನು. ಒಂದೂವರೆ ವರ್ಷಕ್ಕೂ ಮಿಕ್ಕಿ ಗೋಡೆಗಳನ್ನೇ ನೋಡಿದ್ದ ಕಣ್ಣುಗಳು ಅವು. ಗೆಳೆಯನ ಮುಖದಲ್ಲಿ ಅರಳಿದ ಸಂತೋಷವನ್ನು ನೋಡುತ್ತ ಕುಳಿತವನಿಗೆ ಬೇರೇನೂ ಬೇಕಾಗಿರಲಿಲ್ಲ.

ಅದೇ ತಿಂಗಳು ಹೆನ್ಲಿಯು ಆಸ್ಪತ್ರೆಯಿಂದ ಬಿಡುಗಡೆ ಹೊಂದಿದನು. ಪಾದ ಉಳಿದಿತ್ತು. ಎಣಿಸಿದರೆ ಸ್ಟೀವನ್ಸನ್ನನು ಆಸ್ಪತ್ರೆಗೆ ಹೋಗಿಬಂದದ್ದು ಎರಡು ತಿಂಗಳು ಮಾತ್ರ. ಆ ಎರಡು ತಿಂಗಳಲ್ಲಿ ಬೆಳೆದ ಸ್ನೇಹ ಮುಂದೆ ಹದಿಮೂರು ವರ್ಷ ಇಬ್ಬರ ಬಾಳನ್ನೂ ಹೆಣೆಯಿತು. ಅದೇ ಆಸ್ಪತ್ರೆಯಲ್ಲಿದ್ದ ಮತ್ತೊಬ್ಬ ರೋಗಿಯ ತಂಗಿಯಾದ ಆನಾ ಬಾಯ್ಲ್ ಎಂಬಾಕೆಯನ್ನು ಹೆನ್ಲಿಯು 1878ರಲ್ಲಿ ವಿವಾಹವಾದನು. ಲಂಡನ್ನಿನಲ್ಲಿ ನೆಲೆಸಿ, ಊರುಗೋಲನ್ನು ಊರುತ್ತ, ದೊಡ್ಡ ದನಿಯಲ್ಲಿ ಗದ್ದಲವೆಬ್ಬಿಸುತ್ತ, ಹೆಸರಾಂತ ಪತ್ರಿಕಾ ಸಂಪಾದಕನಾದನು. ಇಬ್ಬರೂ ಕೂಡಿ ನಾಲ್ಕು ನಾಟಕಗಳನ್ನು ಬರೆದರು. ಅವು ಯಾವುವೂ ಹೆಚ್ಚು ಯಶಸ್ಸು ಕಾಣಲಿಲ್ಲ.

1881ರಲ್ಲಿ ಸ್ಟೀವನ್ಸನ್ನನು ತನ್ನ ಮಲಮಗನ ವಿನೋದಕ್ಕಾಗಿ ಒಂದು ದ್ವೀಪದ ನಕ್ಷೆಯನ್ನು ಬರೆದು, ಅದರಿಂದ ಒಂದು ಕಥೆಯನ್ನು ಹೊಸೆಯಲು ತೊಡಗಿದನು. ಅದೇ ಜಗತ್ತಿನ ಮಕ್ಕಳೆಲ್ಲ ಓದಿರುವ ಟ್ರೆಷರ್ ಐಲೆಂಡ್. ಅದರಲ್ಲಿ ಬರುವ ಕಡಲುಗಳ್ಳ ಲಾಂಗ್ ಜಾನ್ ಸಿಲ್ವರನಿಗೆ ಒಂದೇ ಕಾಲು. ಊರುಗೋಲಿನ ಮೇಲೆ ಹಕ್ಕಿಯಂತೆ ಕುಪ್ಪಳಿಸುವ, ನಗುನಗುತ್ತಲೇ ಎಲ್ಲರನ್ನೂ ಆಳುವ ಆ ಮನುಷ್ಯನನ್ನು ಕಂಡರೆ ಓದುಗನಿಗೆ ಭಯವೂ ಪ್ರೀತಿಯೂ ಒಟ್ಟಿಗೆ ಉಂಟಾಗುತ್ತವೆ. ಅಂಗಹೀನನಾಗಿಯೂ ಪ್ರಬಲನಾಗಿ ನಿಂತ ಹೆನ್ಲಿಯಿಂದಲೇ ಈ ಪಾತ್ರ ಹುಟ್ಟಿತೆಂದು ಸ್ಟೀವನ್ಸನ್ನನು 1883ರಲ್ಲಿ ಗೆಳೆಯನಿಗೆ ಪತ್ರದ ಮೂಲಕ ಒಪ್ಪಿಕೊಂಡನು. ಕ್ರೌರ್ಯವೂ ಕಪಟವೂ ಮಾತ್ರ ಕಥೆಗಾರನ ಸೇರ್ಪಡೆ. ಆ ಕಥೆಯನ್ನು ಪುಸ್ತಕವಾಗಿ ತರಲು ಕ್ಯಾಸೆಲ್ ಪ್ರಕಾಶನದವರೊಡನೆ ಮಾತನಾಡಿ ನೂರು ಪೌಂಡು ದೊರಕಿಸಿಕೊಟ್ಟವನೂ ಹೆನ್ಲಿಯೇ.

ಅಷ್ಟರಲ್ಲಿ ಕಾಲ ತಿರುಗಿತ್ತು. ಈಗ ಹಾಸಿಗೆ ಹಿಡಿದವನು ಸ್ಟೀವನ್ಸನ್. ಬಾಯಿಂದ ರಕ್ತ ಹರಿಯುವ ಬೇನೆ ಅವನನ್ನು ಕಾಡುತ್ತಿತ್ತು. 1884ರಿಂದ ಮೂರು ವರ್ಷ ಇಂಗ್ಲೆಂಡಿನ ಬೋರ್ನ್‌ಮತ್ ಎಂಬ ಕಡಲತೀರದ ಊರಿನಲ್ಲಿ ಅವನು ಬಹುಮಟ್ಟಿಗೆ ಮನೆಯೊಳಗೇ ಕಾಲ ಕಳೆದನು. ಹೆನ್ಲಿಯು ಲಂಡನ್ನಿನಿಂದ ಅವನನ್ನು ಕಾಣಲು ಬರುತ್ತಿದ್ದನು. ಬಂದರೆ ಮನೆಯೆಲ್ಲ ನಗು, ನಾಟಕದ ಯೋಜನೆ, ಸರಿರಾತ್ರಿಯವರೆಗೆ ಮಾತು. ಸ್ಟೀವನ್ಸನ್ನನ ಹೆಂಡತಿ ಫ್ಯಾನಿಗೆ ಇದು ಸರಿಬರಲಿಲ್ಲ. ನೆಗಡಿಯಿದ್ದವರನ್ನು ಆಕೆ ಮನೆಯೊಳಗೆ ಬಿಡುತ್ತಿರಲಿಲ್ಲ. ಈ ಗದ್ದಲದ ಗೆಳೆಯನು ಗಂಡನ ಶಕ್ತಿಯನ್ನು ಹೀರುವನೆಂಬ ಅಳುಕು ಆಕೆಗೆ. ಗಂಡನನ್ನು ಬದುಕಿಸಿಕೊಂಡವಳು ಆಕೆಯೆಂಬುದನ್ನು ಮರೆಯುವಂತಿಲ್ಲ. ಗೆಳೆಯನ ಮಾತೇ ರೋಗಿಗೆ ಉಸಿರೆಂದು ತನ್ನ ಅನುಭವದಿಂದ ತಿಳಿದಿದ್ದ ಹೆನ್ಲಿಯನ್ನೂ ತಪ್ಪುಗಾರನೆನ್ನಲು ಮನಸ್ಸು ಬಾರದು.

1887ರಲ್ಲಿ ಸ್ಟೀವನ್ಸನ್ನನು ಆರೋಗ್ಯವನ್ನು ಅರಸಿ ಅಮೆರಿಕಕ್ಕೆ ಹೊರಟನು. ಮರುವರ್ಷದ ಮಾರ್ಚಿಯಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಫ್ಯಾನಿಯ ಕಥೆಯೊಂದು ಪ್ರಕಟವಾಯಿತು. ಅದರ ವಸ್ತು ಸ್ಟೀವನ್ಸನ್ನನ ಸೋದರ ಸಂಬಂಧಿಯೊಬ್ಬಳದೆಂದೂ, ಆಕೆಯ ಹೆಸರನ್ನು ಸೇರಿಸದಿರುವುದು ಸೋಜಿಗವೆಂದೂ ಹೆನ್ಲಿಯು ಪತ್ರ ಬರೆದನು. ಹೆಂಡತಿಯ ಮೇಲೆ ಬಂದ ಈ ಆಪಾದನೆಯನ್ನು ಸ್ಟೀವನ್ಸನ್ನನು ಸಹಿಸಲಿಲ್ಲ. ಪತ್ರಗಳು ಹೋದವು, ಬಂದವು. ನೋವು ಬೆಳೆಯಿತು. ಹಳೆಯ ಆತ್ಮೀಯತೆ ಮತ್ತೆ ಕೂಡಲಿಲ್ಲ. ಆ ವರ್ಷವೇ ಸ್ಟೀವನ್ಸನ್ನನು ಶಾಂತ ಸಾಗರದ ಕಡೆಗೆ ಹಡಗು ಹತ್ತಿದನು. ಸಮೋವಾ ದ್ವೀಪದಲ್ಲಿ ಮನೆ ಕಟ್ಟಿಸಿ ನಿಂತನು. ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. 1894ರ ಡಿಸೆಂಬರ್ 3ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ಸ್ಟೀವನ್ಸನ್ನನು ಅಲ್ಲಿಯೇ ಮೃತನಾದನು. ವೇಯಾ ಎಂಬ ಬೆಟ್ಟದ ನೆತ್ತಿಯ ಮೇಲೆ ಅವನ ಸಮಾಧಿಯಿದೆ.

ಹೆನ್ಲಿಯ ಕಹಿ ಆಮೇಲೆಯೂ ಆರಲಿಲ್ಲ. 1901ರಲ್ಲಿ ಪ್ರಕಟವಾದ ಸ್ಟೀವನ್ಸನ್ನನ ಜೀವನಚರಿತ್ರೆಯಲ್ಲಿ ಅವನನ್ನು ದೇವದೂತನಂತೆ ಚಿತ್ರಿಸಿರುವುದನ್ನು ಕಂಡು, ತಾನು ಅರಿತಿದ್ದ ಗೆಳೆಯನು ಇವನಲ್ಲವೆಂದು ಕಟುವಾದ ಲೇಖನವನ್ನು ಬರೆದನು. ಓದಿದವರಲ್ಲಿ ಬಹಳ ಮಂದಿ ಅವನನ್ನು ದೂರಿದರು. 1903ರ ಜುಲೈ 11ರಂದು ಹೆನ್ಲಿಯೂ ತೀರಿಕೊಂಡನು. ಆಸ್ಪತ್ರೆಯನ್ನು ಕುರಿತು ಅವನು ಬರೆದ ಪದ್ಯಗಳು, ಸ್ನೇಹ ಮುರಿದ 1888ರಲ್ಲಿಯೇ ಪುಸ್ತಕರೂಪದಲ್ಲಿ ಬಂದಿದ್ದವು. ಅವುಗಳ ನಡುವೆ ಹದಿನಾಲ್ಕು ಸಾಲುಗಳ ಒಂದು ಪದ್ಯವಿದೆ. ತೆಳ್ಳನೆಯ ಮೈಯ, ಮಿನುಗುವ ಕಣ್ಣುಗಳ ಒಬ್ಬ ತರುಣನ ಚಿತ್ರ ಅದು. ಹೆಸರು ಹೇಳಿಲ್ಲ. ತನ್ನ ಕವಿತೆಗಳನ್ನೆಲ್ಲ ಕೂಡಿಸಿ 1898ರಲ್ಲಿ ಮತ್ತೆ ಅಚ್ಚು ಹಾಕಿಸಿದಾಗಲೂ ಹೆನ್ಲಿಯು ಆ ಪದ್ಯವನ್ನು ತೆಗೆದುಹಾಕಲಿಲ್ಲ.