ಬಫೆಲೋ ಬಿಲ್: ರಣರಂಗದಿಂದ ರಂಗಸ್ಥಳಕ್ಕೆ ಕುದುರೆ ಹಾರಿಸಿದವನು

ಅಲೆಕ್ಸಾಂಡರನಿಗೆ ಬ್ಯುಸೆಫಲಸ್, ರಾಣಾ ಪ್ರತಾಪನಿಗೆ ಚೇತಕ್. ಕುದುರೆ ಮತ್ತು ಸವಾರರ ಜೋಡಿಗಳ ಮಾತು ಬಂದಾಗ ನಮಗೆ ಮೊದಲು ನೆನಪಾಗುವ ಹೆಸರುಗಳಿವು. ಇವೆರಡೂ ಯುದ್ಧಭೂಮಿಯ ಜೋಡಿಗಳು. ಯುದ್ಧಭೂಮಿಯಲ್ಲಿ ಕುದುರೆ ಓಡಿಸಿ, ಅದೇ ಓಟವನ್ನು ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ಮುಂದೆ ಮೂರು ದಶಕಗಳ ಕಾಲ ಮತ್ತೆ ಮತ್ತೆ ಓಡಿಸಿ ತೋರಿಸಿದ ಸವಾರನೊಬ್ಬ ಅಮೆರಿಕದಲ್ಲಿದ್ದ. ಆತನ ಹೆಸರು ವಿಲಿಯಂ ಫ್ರೆಡರಿಕ್ ಕೋಡಿ. ಜಗತ್ತು ಆತನನ್ನು ಬಲ್ಲದ್ದು ಬಫೆಲೋ ಬಿಲ್ ಎಂದು.

ಕೋಡಿ ಹುಟ್ಟಿದ್ದು 1846ರ ಫೆಬ್ರವರಿ 26ರಂದು, ಅಯೋವಾ ಪ್ರಾಂತ್ಯದ ಲೆ ಕ್ಲೇರ್ ಎಂಬ ಊರಿನ ಬಳಿ. ಕೆಲವು ವರ್ಷಗಳಲ್ಲಿ ಕುಟುಂಬ ಕಾನ್ಸಾಸ್‌ಗೆ ವಲಸೆ ಹೋಯಿತು. ಅಲ್ಲಿ ಆಗ ಗುಲಾಮಗಿರಿಯ ಪರ-ವಿರೋಧದ ಕಿಚ್ಚು ಹತ್ತಿ ಉರಿಯುತ್ತಿತ್ತು. ತಂದೆ ಐಸಾಕ್ ಕೋಡಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿ ಮಾತನಾಡಿದ ತಪ್ಪಿಗೆ 1854ರಲ್ಲಿ ಚೂರಿಯ ಇರಿತಕ್ಕೆ ಗುರಿಯಾದ. ಆ ಪೆಟ್ಟಿನಿಂದ ಆತ ಪೂರ್ಣ ಚೇತರಿಸಿಕೊಳ್ಳಲೇ ಇಲ್ಲ. 1857ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 11 ವರ್ಷ. ಮನೆಯ ಭಾರ ಹೊರಲು ಹುಡುಗ ಸರಕು ಸಾಗಣೆ ಕಂಪನಿಯೊಂದರಲ್ಲಿ ಕುದುರೆಯ ಮೇಲೆ ಸಂದೇಶ ಒಯ್ಯುವ ಕೆಲಸಕ್ಕೆ ಸೇರಿದ. ಆತನ ಜೀವನ ಹೀಗೆ ಜೀನಿನ ಮೇಲೆ ಶುರುವಾಯಿತು.

ಇದೇ ಕಂಪನಿಯವರು 1860ರ ಏಪ್ರಿಲ್‌ನಲ್ಲಿ ಆರಂಭಿಸಿದ್ದು ಪೋನಿ ಎಕ್ಸ್‌ಪ್ರೆಸ್ ಎಂಬ ಅಂಚೆ ವ್ಯವಸ್ಥೆ. ಮಿಸ್ಸೂರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗಿನ ಸುಮಾರು 1,900 ಮೈಲಿ ದೂರವನ್ನು ಸವಾರರು ಕುದುರೆ ಬದಲಿಸುತ್ತ, ಚೀಲ ದಾಟಿಸುತ್ತ ಹತ್ತೇ ದಿನಗಳಲ್ಲಿ ಕ್ರಮಿಸುತ್ತಿದ್ದರು. 1861ರ ಅಕ್ಟೋಬರ್‌ನಲ್ಲಿ ತಂತಿ ಸಂಪರ್ಕ ಬಂದದ್ದೇ ತಡ, ಈ ಅಂಚೆ ಮುಚ್ಚಿಹೋಯಿತು. ತಾನು 14ನೇ ವಯಸ್ಸಿನಲ್ಲಿ ಇದರ ಸವಾರನಾಗಿದ್ದೆನೆಂದು ಕೋಡಿ ಜೀವನವಿಡೀ ಹೇಳಿಕೊಂಡ. ಇತಿಹಾಸಕಾರರಲ್ಲಿ ಹಲವರು ಇದನ್ನು ನಂಬುವುದಿಲ್ಲ. ಆದರೆ ಹದಿನೆಂಟು ತಿಂಗಳಷ್ಟೇ ನಡೆದ ಒಂದು ಅಂಚೆ ಸೇವೆ ಇಂದಿಗೂ ಜನರ ನೆನಪಿನಲ್ಲಿ ಉಳಿದಿದ್ದರೆ ಅದಕ್ಕೆ ಕೋಡಿಯೇ ಮುಖ್ಯ ಕಾರಣ. ಮುಂದೆ ಆತನ ಪ್ರದರ್ಶನದಲ್ಲಿ ಪೋನಿ ಎಕ್ಸ್‌ಪ್ರೆಸ್‌ನ ದೃಶ್ಯ ವರ್ಷ ವರ್ಷವೂ ತಪ್ಪದೆ ಇರುತ್ತಿತ್ತು. ಸುಳ್ಳೋ ನಿಜವೋ, ಆ ಋಣವನ್ನಂತೂ ಆತ ತೀರಿಸಿದ.

ಅಂತರ್ಯುದ್ಧದ ಕೊನೆಯ ಭಾಗದಲ್ಲಿ ಕಾನ್ಸಾಸ್ ಅಶ್ವದಳದಲ್ಲಿ ಸೇವೆ ಸಲ್ಲಿಸಿ, 1866ರಲ್ಲಿ ಲೂಯಿಸಾ ಫ್ರೆಡೆರಿಚಿಯನ್ನು ಮದುವೆಯಾದ ಕೋಡಿಗೆ ಹೆಸರು ತಂದುಕೊಟ್ಟದ್ದು ಬೇಟೆ. ಕಾನ್ಸಾಸ್ ಪೆಸಿಫಿಕ್ ರೈಲುಮಾರ್ಗ ಹಾಕುತ್ತಿದ್ದ ಕೂಲಿಗಳಿಗೆ ಮಾಂಸ ಒದಗಿಸಬೇಕಿತ್ತು. ದಿನಕ್ಕೆ 12 ಕಾಡೆಮ್ಮೆ, ತಿಂಗಳಿಗೆ 500 ಡಾಲರ್ ಸಂಬಳ. ಇಲ್ಲಿ ಒಂದು ಮಾತು: ಅಮೆರಿಕನ್ನರು ಬಫೆಲೋ ಎನ್ನುವ ಈ ಪ್ರಾಣಿ ನಮ್ಮ ಎಮ್ಮೆಯಲ್ಲ, ಬಂಡೀಪುರ-ನಾಗರಹೊಳೆಗಳ ಕಾಟಿಯೂ ಅಲ್ಲ. ಭುಜದ ಮೇಲೆ ಗುಡ್ಡದಂತೆ ಉಬ್ಬಿದ, ದಟ್ಟ ಕೂದಲಿನ ಬೈಸನ್ ಅದು. ನಾವು ಕಾಟಿಯನ್ನು ಬೈಸನ್ ಎಂದು ಕರೆದು ಅದೇ ಬಗೆಯ ತಪ್ಪನ್ನು ತಿರುಗಾಮುರುಗಾ ಮಾಡುತ್ತೇವೆ.

ಈ ಬೇಟೆಯಲ್ಲಿ ಕೋಡಿಯ ಜೊತೆಗಾರ ಬ್ರಿಗಮ್ ಎಂಬ ಕುದುರೆ. ಯೂಟಾ ಪ್ರಾಂತ್ಯದ ಮೂಲನಿವಾಸಿಯೊಬ್ಬನಿಂದ ಬಂದದ್ದರಿಂದ ಅಲ್ಲಿನ ಮಾರ್ಮನ್ ಪಂಥದ ನಾಯಕ ಬ್ರಿಗಮ್ ಯಂಗ್‌ನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ನೋಡಲು ಅಂಥ ಚೆಲುವಿನದೇನಲ್ಲ. ಆದರೆ ಕೆಲಸ ಬಲ್ಲ ಪ್ರಾಣಿ. ಜೀನು, ಕಡಿವಾಣಗಳ ಹಂಗಿಲ್ಲದೆ ಓಡುವ ಹಿಂಡಿನೊಳಗೆ ನುಗ್ಗಿ, ಒಂದು ಕಾಡೆಮ್ಮೆಯ ಪಕ್ಕಕ್ಕೆ ಬಂದು ಸಮನಾಗಿ ಓಡುತ್ತಿತ್ತಂತೆ. ಗುಂಡು ಹಾರಿ ಆ ಪ್ರಾಣಿ ಬಿದ್ದರೆ ತಾನಾಗಿಯೇ ಮುಂದಿನದರ ಬಳಿಗೆ ಸಾಗುತ್ತಿತ್ತು. ಒಂದೆರಡು ಗುಂಡಿಗೂ ಬೀಳದಿದ್ದರೆ ಸವಾರನ ಗುರಿ ಸರಿಯಿಲ್ಲವೆಂದು ಬಗೆದು ಅದನ್ನು ಬಿಟ್ಟು ಹೊರಡುತ್ತಿತ್ತು. ಹೀಗೆ 4,280 ಕಾಡೆಮ್ಮೆಗಳನ್ನು ಕೊಂದೆನೆಂಬುದು ಕೋಡಿಯೇ ಕೊಟ್ಟ ಲೆಕ್ಕ. ಬಫೆಲೋ ಬಿಲ್ ಎಂಬ ಹೆಸರು ಅಂಟಿಕೊಂಡದ್ದು ಆಗ. ಕೋಟಿಗಳ ಲೆಕ್ಕದಲ್ಲಿದ್ದ ಆ ಪ್ರಾಣಿ 1880ರ ದಶಕ ಮುಗಿಯುವಷ್ಟರಲ್ಲಿ ಸಾವಿರದೊಳಗೆ ಇಳಿದಿತ್ತು. ಅದನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳ ಬೆನ್ನೆಲುಬು ಮುರಿದದ್ದೂ ಅದರಿಂದಲೇ. ಆ ಸಂಹಾರದಲ್ಲಿ ಕೋಡಿಯ ಪಾಲು ಸಣ್ಣದು. ಚರ್ಮಕ್ಕಾಗಿ ಕೊಂದವರ ಪಾಲು ದೊಡ್ಡದು. ಆದರೂ ಆ ಹೆಸರು ಹೊತ್ತು ತಿರುಗಿದವನು ಈತನೇ.

1868ರಿಂದ ಕೋಡಿ ಸೈನ್ಯದ ದಾರಿಗಾರನಾದ. 5ನೇ ಅಶ್ವದಳದ ಮುಖ್ಯ ಸ್ಕೌಟ್ ಆದ. 1869ರ ಜುಲೈ 11ರಂದು ಸಮ್ಮಿಟ್ ಸ್ಪ್ರಿಂಗ್ಸ್‌ನಲ್ಲಿ ನಡೆದ ಕಾಳಗದಲ್ಲಿ ಷೆಯೆನ್ ನಾಯಕ ಟಾಲ್ ಬುಲ್ ಹತನಾದ. ಕೊಂದವರು ಯಾರೆಂಬುದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಆ ನಾಯಕನ ಕುದುರೆ ಕೋಡಿಯ ಪಾಲಾಯಿತು. ಅದಕ್ಕೆ ಆತ ಸತ್ತವನ ಹೆಸರನ್ನೇ ಇಟ್ಟ. ಅದೇ ವರ್ಷ ನೆಡ್ ಬಂಟ್‌ಲೈನ್ ಎಂಬ ಅಗ್ಗದ ಕಾದಂಬರಿಕಾರ ಕೋಡಿಯನ್ನು ಕಂಡು, ಆತನನ್ನು ನಾಯಕನನ್ನಾಗಿಸಿ ಕಥೆ ಬರೆದ. 1872ರಲ್ಲಿ ರಷ್ಯಾದ ಚಕ್ರವರ್ತಿಯ ಮಗ ಅಲೆಕ್ಸಿ ನೆಬ್ರಾಸ್ಕಕ್ಕೆ ಬೇಟೆಗೆ ಬಂದಾಗ, ಕೋಡಿ ತನ್ನ ಬಕ್‌ಸ್ಕಿನ್ ಜೋ ಎಂಬ ಕುದುರೆಯನ್ನು ಆತನಿಗೆ ಕೊಟ್ಟು ಬೇಟೆ ಆಡಿಸಿದ. ಪತ್ರಿಕೆಗಳು ಇದನ್ನು ಊರೂರಿಗೆ ಮುಟ್ಟಿಸಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಕೋಡಿ ಶಿಕಾಗೊದ ರಂಗಭೂಮಿಯ ಮೇಲೆ ಬಫೆಲೋ ಬಿಲ್ಲನ ಪಾತ್ರವನ್ನೇ ವಹಿಸಿ ನಿಂತ. ನಟನೆ ಬಾರದು, ಮಾತು ಮರೆತುಹೋಗುತ್ತದೆ. ಆದರೂ ಜನ ಮುಗಿಬಿದ್ದರು.

ಅಲ್ಲಿಂದ ಮುಂದೆ ಆತನ ಬದುಕು ವಿಚಿತ್ರವಾಗಿ ಎರಡಾಯಿತು. ಚಳಿಗಾಲದಲ್ಲಿ ನಾಟಕ, ಬೇಸಿಗೆಯಲ್ಲಿ ದಂಡಿನೊಡನೆ ಓಡಾಟ. 1876ರ ಜೂನ್‌ನಲ್ಲಿ ಲಿಟ್ಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್‌ನ ಪಡೆ ನಾಶವಾಯಿತು. ಕೆಲವೇ ವಾರಗಳಲ್ಲಿ, ಜುಲೈ 17ರಂದು ವಾರ್‌ಬಾನೆಟ್ ತೊರೆಯ ಬಳಿ ಕೋಡಿ ಯೆಲ್ಲೊ ಹೇರ್ ಎಂಬ ಷೆಯೆನ್ ಯೋಧನನ್ನು ಕೊಂದು, ಕಸ್ಟರ್‌ನ ಸೇಡೆಂದು ಆತನ ನೆತ್ತಿಯ ಚರ್ಮ ಸುಲಿದ. ಆ ದಿನ ಆತ ತೊಟ್ಟಿದ್ದದ್ದು ನಾಟಕದ ಮಖಮಲ್ಲಿನ ಉಡುಪು. ಆ ಚಳಿಗಾಲದಲ್ಲೇ ಅದೇ ಘಟನೆ ನಾಟಕವಾಯಿತು. ಆ ನೆತ್ತಿಯ ಚರ್ಮವನ್ನೂ ಪ್ರದರ್ಶನಕ್ಕೆ ಇಟ್ಟಾಗ ಪಾದ್ರಿಗಳೂ ಪತ್ರಿಕೆಗಳೂ ಆಕ್ಷೇಪಿಸಬೇಕಾಯಿತು. ಕೋಡಿಯ ಬಾಳಿನಲ್ಲಿ ಮೆಚ್ಚಲಾಗದ ಅಧ್ಯಾಯವೊಂದಿದ್ದರೆ ಅದು ಇದೇ. ರಂಗಕ್ಕಾಗಿ ರಣವೋ, ರಣಕ್ಕಾಗಿ ರಂಗವೋ ಎಂಬುದು ಬಹುಶಃ ಆತನಿಗೂ ತಿಳಿಯದಂತಾಗಿತ್ತು.

1883ರಲ್ಲಿ ಒಮಾಹಾ ನಗರದಲ್ಲಿ ಆತ ಆರಂಭಿಸಿದ ವೈಲ್ಡ್ ವೆಸ್ಟ್ ಪ್ರದರ್ಶನ ನಾಲ್ಕು ಗೋಡೆಗಳ ರಂಗಭೂಮಿಯನ್ನೇ ಬಿಟ್ಟು ಬಯಲಿಗೆ ಬಂತು. ಕೋಚುಗಾಡಿಯ ಮೇಲಿನ ದಾಳಿ, ಕಾಡೆಮ್ಮೆ ಬೇಟೆ, ಕಾಡುಕುದುರೆ ಪಳಗಿಸುವುದು ಎಲ್ಲವೂ ಅಲ್ಲಿ ಜೀವಂತ. ಇಂದಿನ ಕೌಬಾಯ್ ಚಿತ್ರಗಳ ಮೂಲ ಇಲ್ಲಿದೆ. ಮೊದಲ ವರ್ಷಗಳಲ್ಲಿ ಕೋಡಿಯ ಪ್ರಧಾನ ಕುದುರೆ ಚಾರ್ಲಿ. ಕುದುರೆ ನಾಗಾಲೋಟದಲ್ಲಿರುವಾಗ ಗಾಳಿಗೆ ಎಸೆದ ಗಾಜಿನ ಗುಂಡುಗಳನ್ನು ಸವಾರ ಒಡೆಯಬೇಕಾದರೆ ಕುದುರೆಯ ಹೆಜ್ಜೆ ಒಂದಿಷ್ಟೂ ಏರುಪೇರಾಗಕೂಡದು. ಚಾರ್ಲಿಯ ಹೆಗ್ಗಳಿಕೆ ಅದೇ. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸ್ವರ್ಣ ಮಹೋತ್ಸವದ ವರ್ಷ ತಂಡ ಹಡಗೇರಿ ಲಂಡನ್ನಿಗೆ ಹೋಯಿತು. ಪತಿಯ ಮರಣಾನಂತರ ಇಂಥ ವಿನೋದಗಳಿಂದ ದೂರವಿದ್ದ ರಾಣಿಯೇ ಮೇ ತಿಂಗಳಲ್ಲಿ ಬಂದು ನೋಡಿದಳು. ಮರುವರ್ಷ ತಾಯ್ನಾಡಿಗೆ ಮರಳುವ ದಾರಿಯಲ್ಲಿ ಚಾರ್ಲಿ ಕಾಯಿಲೆ ಬಿದ್ದು ಹಡಗಿನಲ್ಲೇ ಸತ್ತಿತು. ಅದನ್ನು ಕ್ಯಾನ್ವಾಸಿನಲ್ಲಿ ಸುತ್ತಿ, ಮೇಲೆ ಬಾವುಟ ಹೊದಿಸಿ, ನಾವಿಕರಿಗೆ ಸಲ್ಲುವ ಮರ್ಯಾದೆಯೊಡನೆ ಅಟ್ಲಾಂಟಿಕ್ ಸಾಗರಕ್ಕೆ ಇಳಿಸಿದರು.

ಕೋಡಿಯ ಲಾಯದ ಇನ್ನೊಂದು ಕುದುರೆಯ ಕಥೆ ಇನ್ನೂ ಕರುಣಾಜನಕ. 1885ರಲ್ಲಿ ಲಕೋಟಾ ಜನರ ಹಿರಿಯ ಸಿಟ್ಟಿಂಗ್ ಬುಲ್ ವಾರಕ್ಕೆ 50 ಡಾಲರ್ ಸಂಬಳದ ಮೇಲೆ ಒಂದು ಋತುವಿನ ಕಾಲ ಪ್ರದರ್ಶನದಲ್ಲಿದ್ದ. ಕಸ್ಟರ್‌ನ ಪಡೆಯನ್ನು ನಾಶಮಾಡಿದ ಬಣದ ನಾಯಕನೆಂದು ಜನ ಆತನನ್ನು ಕೂಗಿ ಹೀಯಾಳಿಸುತ್ತಿದ್ದರು. ಸಂಪಾದಿಸಿದ ಹಣವನ್ನು ಆತ ಬೀದಿಯ ಬಡಮಕ್ಕಳಿಗೆ ಹಂಚುತ್ತಿದ್ದನಂತೆ. ಊರಿಗೆ ಮರಳುವಾಗ ಕೋಡಿ ಆತನಿಗೆ ಆಟ ಕಲಿತ ಬೂದು ಕುದುರೆಯೊಂದನ್ನು ಉಡುಗೊರೆಯಾಗಿ ಕೊಟ್ಟ.

1890ರಲ್ಲಿ ಮೂಲನಿವಾಸಿಗಳ ನಡುವೆ ಪ್ರೇತನೃತ್ಯವೆಂಬ ಧಾರ್ಮಿಕ ಚಳವಳಿ ಹಬ್ಬಿ ಸರ್ಕಾರ ದಿಗಿಲುಗೊಂಡಿತು. ಹಳೆಯ ಗೆಳೆಯನೊಡನೆ ಮಾತನಾಡಿ ಕರೆತರುವಂತೆ ಜನರಲ್ ಮೈಲ್ಸ್ ಕೋಡಿಯನ್ನು ಕಳುಹಿಸಿದ. ಆದರೆ ಸ್ಥಳೀಯ ಅಧಿಕಾರಿ ಅಡ್ಡಗಾಲು ಹಾಕಿದ. ಮೇಲಿನಿಂದ ಆಜ್ಞೆ ಬಂದು ಕೋಡಿ ಅರ್ಧದಾರಿಯಲ್ಲೇ ಹಿಂದಿರುಗಬೇಕಾಯಿತು. ಡಿಸೆಂಬರ್ 15ರ ಬೆಳಗಿನ ಜಾವ ಬಂಧಿಸಲು ಬಂದ ಪೊಲೀಸರ ಗುಂಡಿಗೆ ಸಿಟ್ಟಿಂಗ್ ಬುಲ್ ಬಲಿಯಾದ. ಗುಂಡಿನ ಸದ್ದು ಕೇಳಿದೊಡನೆ ಹೊರಗೆ ಕಟ್ಟಿದ್ದ ಬೂದು ಕುದುರೆ, ಪ್ರದರ್ಶನವೇ ಶುರುವಾಯಿತೆಂದು ಭಾವಿಸಿ, ಕಲಿತ ಕುಣಿತವನ್ನೆಲ್ಲ ಕುಣಿಯಿತೆಂಬ ಕಥೆ ಆ ನಾಡಿನಲ್ಲಿ ಬಳಕೆಯಲ್ಲಿದೆ. ಇದು ಎಷ್ಟು ನಿಜವೆಂದು ವಿದ್ವಾಂಸರು ಚರ್ಚಿಸುತ್ತಾರೆ. ಎರಡು ವಾರಗಳ ನಂತರ ವೂಂಡೆಡ್ ನೀಯಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಮಾತ್ರ ಚರ್ಚೆಗೆ ಆಸ್ಪದವಿಲ್ಲ. ಸೆರೆಯಾದ ಪ್ರೇತನೃತ್ಯದ ಮುಖಂಡರಲ್ಲಿ ಕೆಲವರನ್ನು ಸರ್ಕಾರ ಕೋಡಿಯ ವಶಕ್ಕೆ ಒಪ್ಪಿಸಿತು. 1891ರಲ್ಲಿ ಅವರು ಯುರೋಪಿನ ಊರುಗಳಲ್ಲಿ ಕುದುರೆ ಹತ್ತಿ ಪ್ರದರ್ಶನ ಕೊಟ್ಟರು.

ಇದನ್ನು ಶೋಷಣೆ ಎನ್ನಬೇಕೋ ಆಸರೆ ಎನ್ನಬೇಕೋ? ಕೋಡಿ ಅವರಿಗೆ ಸಂಬಳ ಕೊಟ್ಟ. ಮೀಸಲು ಪ್ರದೇಶದ ಬೇಲಿಯೊಳಗೆ ನಿಷಿದ್ಧವಾಗಿದ್ದ ಹಾಡು, ಕುಣಿತ, ಕುದುರೆ ಸವಾರಿಗಳಿಗೆ ಆತನ ಅಂಗಳದಲ್ಲಿ ಅವಕಾಶವಿತ್ತು. ಅವರ ಪರವಾಗಿ ಆತ ಬಹಿರಂಗವಾಗಿ ಮಾತನಾಡಿದ್ದೂ ಉಂಟು. ಆದರೆ ದಿನ ದಿನವೂ ಅವರು ಆಡಬೇಕಾಗಿದ್ದದ್ದು ತಮ್ಮ ಸೋಲನ್ನೇ ಎಂಬುದನ್ನು ಮರೆಯುವಂತಿಲ್ಲ.

1893ರಲ್ಲಿ ಶಿಕಾಗೊದ ವಿಶ್ವಮೇಳದ ಪಕ್ಕದಲ್ಲೇ ಡೇರೆ ಹಾಕಿದ್ದು ಕೋಡಿಯ ವೈಭವದ ಶಿಖರ. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ. ಆ ಹೊತ್ತಿಗೆ ಪ್ರದರ್ಶನದಲ್ಲಿ ಜಗತ್ತಿನ ನಾನಾ ದೇಶಗಳ ಅಶ್ವಾರೋಹಿಗಳಿದ್ದರು: ಮೆಕ್ಸಿಕೊದವರು, ಅರಬರು, ಅರ್ಜೆಂಟೀನಾದ ಗೌಚೊಗಳು, ಜರ್ಮನ್ ಮತ್ತು ಇಂಗ್ಲಿಷ್ ಸೈನಿಕರು. ಕೊಸಾಕರೆಂದು ಜಾಹೀರಾತು ಮಾಡಿದವರು ವಾಸ್ತವವಾಗಿ ಜಾರ್ಜಿಯಾದ ಗುರಿಯಾ ಪ್ರದೇಶದ ಸವಾರರು.

ಮುಂದಿನದು ಇಳಿಜಾರು. 1901ರ ಅಕ್ಟೋಬರ್‌ನಲ್ಲಿ ಉತ್ತರ ಕೆರೊಲಿನಾದಲ್ಲಿ ತಂಡದ ರೈಲು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಸುಮಾರು ನೂರು ಕುದುರೆಗಳು ಸತ್ತವು. ಪ್ರಸಿದ್ಧ ಗುರಿಕಾರ್ತಿ ಆನಿ ಓಕ್ಲಿ ಗಾಯಗೊಂಡು, ಆ ಋತುವಿನೊಂದಿಗೆ ತಂಡ ತೊರೆದಳು. ಮುಂದಿನ ಯುರೋಪ್ ಪ್ರವಾಸದಲ್ಲಿ ಫ್ರಾನ್ಸಿನಲ್ಲಿ ಗ್ಲಾಂಡರ್ಸ್ ಎಂಬ ಸಾಂಕ್ರಾಮಿಕ ತಗುಲಿ ಸುಮಾರು 200 ಕುದುರೆಗಳನ್ನು ಕೊಲ್ಲಬೇಕಾಯಿತು. ಹೆಂಡತಿಯ ಮೇಲೆ ಹೂಡಿದ ವಿಚ್ಛೇದನದ ದಾವೆ 1905ರಲ್ಲಿ ಬಿದ್ದುಹೋಗಿ ಮಾನವೂ ಹರಾಜಾಯಿತು. ನಾಲ್ವರು ಮಕ್ಕಳಲ್ಲಿ ಮೂವರು ಆ ವೇಳೆಗಾಗಲೇ ತೀರಿಕೊಂಡಿದ್ದರು. ಕೋಡಿ ಎಂಬ ಹೆಸರು ಕೇಳಿದರೆ ನಮಗೆ ಕೆರೆಯ ಕೋಡಿ ನೆನಪಾಗುತ್ತದೆ. ಆತನ ಹಣವೂ ಹಾಗೆಯೇ ಹರಿದುಹೋಯಿತು. ವಯೋಮಿಂಗ್‌ನಲ್ಲಿ ತನ್ನ ಹೆಸರಿನ ಊರು ಕಟ್ಟಿ, ಕಾಲುವೆ ತೋಡಿಸಿ, ಅರಿಜೋನಾದಲ್ಲಿ ಗಣಿ ಅಗೆಸಿ, ಕೇಳಿದವರಿಗೆಲ್ಲ ಕೊಟ್ಟು ಕೈ ಬರಿದು ಮಾಡಿಕೊಂಡ.

1913ರಲ್ಲಿ ಡೆನ್ವರ್‌ನ ಪತ್ರಿಕಾ ಮಾಲೀಕರೊಬ್ಬರಿಂದ ಪಡೆದಿದ್ದ 20,000 ಡಾಲರ್ ಸಾಲ ಕುತ್ತಿಗೆಗೆ ಬಂತು. ಪ್ರದರ್ಶನ ಜಪ್ತಿಯಾಗಿ ಎಲ್ಲವೂ ಹರಾಜಿಗೆ ಬಿತ್ತು. ಆಗ ಕೋಡಿಯ ಕುದುರೆ ಐಶಮ್ ಎಂಬ ಬಿಳಿಯ ಪ್ರಾಣಿ. ವರ್ಷಗಟ್ಟಲೆ ಅದರ ಬೆನ್ನ ಮೇಲೆ ಕುಳಿತು ಟೋಪಿ ಎತ್ತಿ ಪ್ರೇಕ್ಷಕರಿಗೆ ವಂದಿಸಿದ್ದ ಮುದುಕನಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ನೆಬ್ರಾಸ್ಕದ ಗೆಳೆಯರೊಬ್ಬರು ಹರಾಜಿನಲ್ಲಿ ಅದನ್ನು ಕೂಗಿ ಕೊಂಡು, ಮಾತಿಲ್ಲದೆ ಆತನಿಗೇ ಕಳುಹಿಸಿಕೊಟ್ಟರು.

ಅದೇ ವರ್ಷ ಸಿನಿಮಾ ತೆಗೆಯುವ ಸಾಹಸವನ್ನೂ ಕೋಡಿ ಮಾಡಿದ. ವೂಂಡೆಡ್ ನೀಯ ಘಟನೆಯನ್ನು ಅದೇ ನೆಲದಲ್ಲಿ, ಬದುಕುಳಿದ ಲಕೋಟಾ ಜನರನ್ನೇ ನಿಲ್ಲಿಸಿ ಚಿತ್ರಿಸಲು ಹೊರಟಾಗ ಅವರಲ್ಲಿ ಹಲವರು ಕುದ್ದುಹೋದರು. ಅಲ್ಲಿ ಅವರ ಹೆಂಗಸರು ಮಕ್ಕಳು ಹೂತುಹೋಗಿದ್ದರು. ಆ ಚಿತ್ರದ ಬಹುಭಾಗ ಇಂದು ಉಳಿದಿಲ್ಲ.

ಸಾಲ ತೀರಿಸಲು ಕೋಡಿ 1914 ಮತ್ತು 1915ರಲ್ಲಿ ಪರರ ಸರ್ಕಸ್ಸಿನಲ್ಲಿ ಸಂಬಳಕ್ಕೆ ದುಡಿದ. 70ನೇ ವಯಸ್ಸಿನಲ್ಲೂ ಕಣಕ್ಕಿಳಿಯುವುದು ತಪ್ಪಲಿಲ್ಲ. 1917ರ ಜನವರಿ 10ರಂದು ಡೆನ್ವರ್‌ನಲ್ಲಿ ಸೋದರಿಯ ಮನೆಯಲ್ಲಿ ಕೊನೆಯುಸಿರೆಳೆದ. 1872ರಲ್ಲಿ ಸಂದಿದ್ದ ಮೆಡಲ್ ಆಫ್ ಆನರ್ ಅನ್ನು, ಆತ ಸೈನಿಕನಾಗಿರಲಿಲ್ಲವೆಂಬ ಕಾರಣಕ್ಕೆ, ತೀರಿಕೊಂಡ ಮರುತಿಂಗಳೇ ಹಿಂಪಡೆಯಲಾಯಿತು. 1989ರಲ್ಲಿ ಮತ್ತೆ ಕೊಡಲಾಯಿತು. ಡೆನ್ವರ್ ಬಳಿಯ ಲುಕೌಟ್ ಬೆಟ್ಟದ ಮೇಲೆ ಸಮಾಧಿ ಮಾಡಿದ್ದಕ್ಕೆ ವಯೋಮಿಂಗ್‌ನ ಕೋಡಿ ಊರಿನವರು ಬಹುಕಾಲ ಮುನಿಸಿಕೊಂಡಿದ್ದರು.

ಅವರ ಊರಿನಲ್ಲಿ 1924ರ ಜುಲೈ 4ರಂದು ಕುದುರೆಯ ಮೇಲೆ ಕುಳಿತ ಕೋಡಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಶಿಲ್ಪಿ ಗರ್ಟ್ರೂಡ್ ವಾಂಡರ್‌ಬಿಲ್ಟ್ ವಿಟ್ನಿ ನ್ಯೂಯಾರ್ಕಿನವಳು. ಅಲ್ಲಿನ ಕುದುರೆಗಳು ಮಾದರಿಗೆ ಒಪ್ಪಿಗೆಯಾಗದೆ, ವಯೋಮಿಂಗ್‌ನಿಂದಲೇ ಒಂದನ್ನು ತರಿಸಿಕೊಂಡು ಆಕೆ ಆ ಪ್ರತಿಮೆಯನ್ನು ರೂಪಿಸಿದಳು.